ಧಾರವಾಡದಲ್ಲಿ ಓದುತ್ತಿದ್ದೀರಾ? ಮತಪಟ್ಟಿಗೆ ಹೆಸರು ಹೀಗೆ ಸೇರಿಸಿ

ಸಪ್ತಾಪುರದ ನಮ್ಮ ಪಿಜಿಯಲ್ಲಿ ಹಾವೇರಿ, ಗದಗ ಕಡೆಯ ಹುಡುಗಿಯರೇ ಜಾಸ್ತಿ. ಹೊಸಬರು ಬಂದಾಗ ನಾನು ಬ್ರಿಟನ್ನಿನ ಸಂಗತಿ ಹೇಳುತ್ತೇನೆ. 2016ರ ಜೂನ್ 23ರಂದು, ಯುರೋಪಿಯನ್ ಒಕ್ಕೂಟದಲ್ಲಿ ಇರಬೇಕೋ ಬೇಡವೋ ಅಂತ ಅಲ್ಲಿ ಜನಮತಗಣನೆ ನಡೆಯಿತು. ಮತ ಹಾಕಿದ ಯುವಜನರಲ್ಲಿ ಹೆಚ್ಚಿನವರು ಇರೋಣ ಅಂದರು. ಆದರೆ ಹಿರಿಯರು ಬಂದಷ್ಟು ಪ್ರಮಾಣದಲ್ಲಿ ಅವರು ಮತಗಟ್ಟೆಗೆ ಬರಲಿಲ್ಲ. ಹೊರಬರೋಣ ಅಂದವರು ಶೇ 51.9 ಮತ ಪಡೆದು ಗೆದ್ದರು. ಅಂತರ ಸುಮಾರು 12.7 ಲಕ್ಷ ಮತ, ಅಷ್ಟೇ! ನೋಂದಣಿಯ ಕೊನೆಯ ರಾತ್ರಿ ವೆಬ್‌ಸೈಟ್ ಕೈಕೊಟ್ಟು ಗಡುವನ್ನೂ ಮುಂದೂಡಬೇಕಾಯಿತು. ಹಾಗಾಗಿ ಚುನಾವಣೆ ಘೋಷಣೆ ಆಗಲಿ ಅಂತ ಸುಮ್ನೆ ಕಾಯಬೇಡಿ.

ನಮ್ಮಲ್ಲಿ 17 ತುಂಬಿದರೆ ಮುಂಗಡ ಅರ್ಜಿ ಹಾಕಬಹುದು. ಚುನಾವಣಾ ಆಯೋಗದ ಪೋರ್ಟಲ್‌ನಲ್ಲಿ ಫಾರ್ಮ್ 6 ತುಂಬಿ. ಫೋಟೋ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ವಿಳಾಸದ ದಾಖಲೆ ಬೇಕು. ಊರೋ ಹಾಸ್ಟೆಲೋ, ಒಂದೇ ವಿಳಾಸ ಆರಿಸಿಕೊಳ್ಳಿ. ಎರಡೂ ಕಡೆ ಹೆಸರಿರುವುದು ಕಾನೂನಿಗೆ ವಿರುದ್ಧ. ಊರಿನದಾದರೆ ಮತದಾನದ ದಿನ ಹಾವೇರಿ ಬಸ್ ಹತ್ತಲೇಬೇಕು, ಅಲ್ವಾ? ಹಾಸ್ಟೆಲ್ ವಿಳಾಸ ಕೊಡುವವರು ಕಾಲೇಜಿನ ಮುಖ್ಯಸ್ಥರ ಸಹಿ ಇರುವ ವಿದ್ಯಾರ್ಥಿ ಘೋಷಣಾ ಪತ್ರ ಲಗತ್ತಿಸಿ. ರೆಫರೆನ್ಸ್ ನಂಬರ್ ಬರೆದಿಟ್ಟುಕೊಳ್ಳಿ. ಮತಗಟ್ಟೆ ಅಧಿಕಾರಿ ಪರಿಶೀಲನೆಗೆ ಫೋನ್ ಮಾಡಿದರೆ ದಯವಿಟ್ಟು ಎತ್ತಿ. ಅನುಮಾನವಿದ್ದರೆ 1950ಕ್ಕೆ ಕರೆ ಮಾಡಿ.