ಬಾಯಿಪಾಠವಾದ ಮಾತನ್ನು ಮತ್ತೆ ಕೇಳಿಸಿಕೊಳ್ಳುವ ಬಗೆ

ಧರ್ಮದ ಮೂಲಪಾಠಗಳನ್ನು ಬಾಲ್ಯದಲ್ಲಿಯೇ ಕಲಿತವರಿಗೆ ಒಂದು ವಿಚಿತ್ರ ತೊಡಕಿದೆ: ಅರ್ಥವಾಗುವ ಮೊದಲೇ ಅವು ಬಾಯಿಪಾಠವಾಗಿರುತ್ತವೆ. ನಾಲಿಗೆ ತಾನಾಗಿ ಮುಂದೆ ಸಾಗುತ್ತಿರುತ್ತದೆ, ಮನಸ್ಸು ಬೇರೆಲ್ಲೋ ಇರುತ್ತದೆ. ಇದರಿಂದ ಬೇಸತ್ತವರು ಸಾಮಾನ್ಯವಾಗಿ ಇನ್ನೂ ಗಹನವಾದ ಗ್ರಂಥವನ್ನೋ ಹೊಸ ಪ್ರವಚನಕಾರರನ್ನೋ ಹುಡುಕಿಕೊಂಡು ಹೋಗುತ್ತಾರೆ. ಅದಕ್ಕೆ ಮೊದಲು, ಗೊತ್ತಿದೆಯೆಂದು ಬದಿಗಿಟ್ಟ ಪಾಠವನ್ನೇ ನಿಧಾನವಾಗಿ ಪರಿಶೀಲಿಸುವುದು ಲೇಸು.

ಪ್ರತಿದಿನ ಹೇಳುವ ಪಾಠಗಳಲ್ಲಿ ಅತ್ಯಂತ ಚಿಕ್ಕದೊಂದನ್ನು ಆರಿಸಿಕೊಂಡು, ಪುಸ್ತಕ ನೋಡದೆ ಕಾಗದದ ಮೇಲೆ ಬರೆಯಿರಿ. ರಾಗವೂ ಓಟವೂ ಇಲ್ಲದಿದ್ದಾಗ ಕೈ ಕೆಲವೆಡೆ ತಡೆಯುತ್ತದೆ. ಅಲ್ಲಿ ಗುರುತು ಹಾಕಿ. ಆಮೇಲೆ ಪ್ರತಿ ಸಾಲಿನ ಕೆಳಗೆ ನಿಮಗೆ ತಿಳಿದ ಅರ್ಥವನ್ನು ನಿಮ್ಮದೇ ಮಾತಿನಲ್ಲಿ ಬರೆದು, ನಂಬಿಕೆಗೆ ಅರ್ಹವಾದ ಒಂದು ವ್ಯಾಖ್ಯಾನದೊಡನೆ ಹೋಲಿಸಿ. ಒಂದೇ ಸಾಕು, ವ್ಯಾಖ್ಯಾನಗಳನ್ನು ಗುಡ್ಡೆ ಹಾಕಿಕೊಂಡರೆ ಮೂಲಪಾಠವೇ ಕಾಣದಾಗುತ್ತದೆ.

ಬಳಿಕ ಪಾಠದ ಕ್ರಮವನ್ನು ಪ್ರಶ್ನಿಸಿ: ಇದು ಮೊದಲು, ಅದು ಆಮೇಲೆ ಏಕೆ? ಜೈನರ ಣಮೋಕಾರ ಮಂತ್ರದಲ್ಲಿ ಅರಿಹಂತರು, ಸಿದ್ಧರು, ಆಚಾರ್ಯರು, ಉಪಾಧ್ಯಾಯರು, ಲೋಕದ ಎಲ್ಲ ಸಾಧುಗಳು ಎಂಬ ಐವರಿಗೆ ನಮಸ್ಕಾರ ಸಲ್ಲುತ್ತದೆ. ಸಿದ್ಧರು ಎಲ್ಲ ಕರ್ಮಗಳನ್ನೂ ಕಳೆದುಕೊಂಡು ಮೋಕ್ಷ ಪಡೆದವರು. ಅರಿಹಂತರು ಆತ್ಮದ ಗುಣಗಳನ್ನು ಮರೆಮಾಡುವ ಘಾತಿ ಕರ್ಮಗಳನ್ನು ಗೆದ್ದರೂ ಇನ್ನೂ ದೇಹದಲ್ಲಿರುವವರು. ಹಾಗಿದ್ದೂ ಮೊದಲ ನಮಸ್ಕಾರ ಅರಿಹಂತರಿಗೇ, ಏಕೆಂದರೆ ದಾರಿಯನ್ನು ಬೋಧಿಸಿದವರು ಅವರು, ಸಿದ್ಧಸ್ಥಿತಿ ಎಂಬುದೊಂದಿದೆಯೆಂದು ಲೋಕಕ್ಕೆ ತಿಳಿದದ್ದೂ ಅವರ ಮಾತಿನಿಂದಲೇ. ಕಲಿಸಿದವರಿಗೆ ಸಲ್ಲುವ ಈ ಕೃತಜ್ಞತೆ ಸಾವಿರ ಸಲ ಜಪಿಸಿದವರಿಗೂ ಕಾಣದೆ ಹೋಗಿರಬಹುದು. ಐದು ಸಾಲುಗಳಲ್ಲಿ ಮಹಾವೀರರದೂ ಸೇರಿದಂತೆ ಯಾವ ವ್ಯಕ್ತಿಯ ಹೆಸರೂ ಇಲ್ಲ ಎಂಬುದನ್ನೂ ಗಮನಿಸಿ.

12ನೇ ಶತಮಾನದ ಬಸವಣ್ಣನವರು ಏಳು 'ಬೇಡ'ಗಳನ್ನು ಹೇಳಿದ ವಚನ ಕನ್ನಡ ಬಲ್ಲವರಿಗೆಲ್ಲ ಗೊತ್ತು. ಅದು ಕಳ್ಳತನ, ಕೊಲೆಗಳಿಂದ ಆರಂಭವಾಗಿ ಸುಳ್ಳು, ಸಿಟ್ಟು, ಅಸಹನೆಗಳನ್ನು ದಾಟಿ, ತನ್ನನ್ನು ಹೊಗಳಿಕೊಳ್ಳುವುದು ಮತ್ತು ಎದುರಿನವರನ್ನು ಹಳಿಯುವುದಕ್ಕೆ ಬಂದು ನಿಲ್ಲುತ್ತದೆ. ಮೊದಲೆರಡು ತಮಗೆ ಸಂಬಂಧಿಸಿದ್ದಲ್ಲವೆಂದು ನಿರಾಳವಾಗಿದ್ದ ಸಜ್ಜನರು ಕೊನೆಯೆರಡಕ್ಕೆ ಬರುವಷ್ಟರಲ್ಲಿ ಸಿಕ್ಕಿಬೀಳುತ್ತಾರೆ. ದೇವರನ್ನು ಒಲಿಸುವ ಪರಿ ಇದೇ ಎಂದು ಹೇಳುವ ಆ ವಚನದಲ್ಲಿ ಪೂಜೆಯ ಒಂದು ಸಾಮಗ್ರಿಯ ಪ್ರಸ್ತಾಪವೂ ಇಲ್ಲ. ಪಾಠವೊಂದು ಏನನ್ನು ಹೇಳದೆ ಬಿಟ್ಟಿದೆ ಎಂದು ಕೇಳಿಕೊಳ್ಳುವುದರಿಂದ ಆಗುವ ಲಾಭ ಇದು. ಸಂಪತ್ತು, ಆಯುಷ್ಯ, ಜಯಗಳನ್ನು ಬೇಡುವ ಸೂಕ್ತಗಳು ಋಗ್ವೇದದಲ್ಲಿ ಬೇಕಾದಷ್ಟಿದ್ದರೂ, ಅದೇ ವೇದದ 3ನೇ ಮಂಡಲದ ಗಾಯತ್ರಿ ಕೋರುವುದು ಬುದ್ಧಿಗೆ ಪ್ರೇರಣೆಯನ್ನು ಮಾತ್ರ.

ಪುನರಾವರ್ತನೆಯೇ ಬೇಸರದ ಮೂಲವೆಂದು ತೋರಿದರೆ, ಅದನ್ನು ವಿಧಿಸಿದ್ದೇಕೆ ಎಂದೂ ಕೇಳಿ. ಐದು ಹೊತ್ತಿನ ಕಡ್ಡಾಯ ನಮಾಜಿನಲ್ಲಿ ನಿಂತು, ಬಾಗಿ, ನೆಲಕ್ಕೆ ಹಣೆಯಿಡುವ ಸುತ್ತುಗಳಾದ ರಕಾತ್‌ಗಳು ಒಟ್ಟು 17 ಇದ್ದು, ಏಳು ಆಯತ್‌ಗಳ (ವಾಕ್ಯಗಳ) ಫಾತಿಹಾ, ಎಂದರೆ ಕುರ್‌ಆನಿನ ಮೊದಲ ಅಧ್ಯಾಯ, ಪ್ರತಿ ರಕಾತಿಗೂ ಸೇರಿದ್ದು. ಅದರಲ್ಲಿರುವಂತೆ ನೇರವಾದ ದಾರಿಯಲ್ಲಿ ನಡೆಸು ಎಂದು ನಸುಕಿನಲ್ಲಿ ಬೇಡಿದವರು ಮಧ್ಯಾಹ್ನ ಪುನಃ ಅದನ್ನೇ ಬೇಡುತ್ತಾರೆ. ದಾರಿ ಒಮ್ಮೆ ಸಿಕ್ಕರೆ ಕೈಯಲ್ಲೇ ಉಳಿಯುವ ಸ್ವತ್ತಲ್ಲ ಎಂಬ ತಿಳಿವಳಿಕೆ ಆ ಏರ್ಪಾಡಿನಲ್ಲಿಯೇ ಇದೆ.

ಇಷ್ಟೂ ಓದಿನ ಮಾತಾಯಿತು. ಬೆರಗು ಹೆಚ್ಚಾಗಿ ಹುಟ್ಟುವುದು ಪಾಲಿಸಲು ಹೊರಟಾಗ. ಒಂದು ಸಾಲನ್ನು ಆರಿಸಿ ಒಂದು ವಾರ ಅದರಂತೆ ನಡೆಯಲು ಯತ್ನಿಸಿ. ಯೇಸು ಕಲಿಸಿದ ಪ್ರಾರ್ಥನೆಯನ್ನು ಹೇಳುವವರು ಕ್ಷಮೆಯ ಸಾಲನ್ನು ಆರಿಸಬಹುದು. ಮತ್ತಾಯನ ಸುವಾರ್ತೆಯ 6ನೇ ಅಧ್ಯಾಯದಲ್ಲಿ ಪ್ರಾರ್ಥನೆ ಮುಗಿದ ಕೂಡಲೇ ಯೇಸು ಮತ್ತೆ ಎತ್ತಿಕೊಂಡು ವಿವರಿಸುವುದು ಆ ಒಂದು ಸಾಲನ್ನೇ: ನೀವು ಇತರರನ್ನು ಕ್ಷಮಿಸದಿದ್ದರೆ ನಿಮಗೂ ಕ್ಷಮೆಯಿಲ್ಲ. ಮನಸ್ಸಿನಲ್ಲಿ ದ್ವೇಷ ಇಟ್ಟುಕೊಂಡ ಒಬ್ಬರ ಹೆಸರನ್ನು ನೆನೆದು ಆ ಸಾಲನ್ನು ಹೇಳಿ ನೋಡಿ. ಬಾಯಿಪಾಠ ಅಲ್ಲಿಗೆ ನಿಂತುಹೋಗುತ್ತದೆ.

ಎರಡು ಎಚ್ಚರಿಕೆಗಳನ್ನು ಹೇಳಬೇಕು. ಪ್ರತಿ ಆಚರಣೆಯ ಹಿಂದೆ ವೈಜ್ಞಾನಿಕ ರಹಸ್ಯವಿದೆಯೆಂದು ಸಾರುವ ವಾಟ್ಸಾಪ್ ಸಂದೇಶಗಳಿಂದ ದೂರವಿರಿ. ಪ್ರಾರ್ಥನೆಯನ್ನು ರಕ್ತದೊತ್ತಡದ ಔಷಧಿಯಾಗಿ ಮಾಡಿಕೊಂಡವರಿಗೆ ಔಷಧಿಯಷ್ಟೇ ಸಿಗುತ್ತದೆ, ಅದೂ ಖಾತ್ರಿಯಿಲ್ಲ. ಇನ್ನು, ರೋಮಾಂಚನಕ್ಕಾಗಿ ಕಾಯಬೇಡಿ. ಕೆಲವು ದಿನ ಏನೂ ಅನಿಸದು, ಅಂಥ ದಿನವೂ ಪಾಠವನ್ನು ನಿಧಾನವಾಗಿ ಹೇಳಿ ಮುಗಿಸಿದರಾಯಿತು. ವಾರಗಟ್ಟಲೆ ಹಾಗೆಯೇ ಆದರೆ, ಅದೇ ಪಾಠವನ್ನು ಮನೆಯ ಚಿಕ್ಕ ಮಗುವಿಗೆ ಕಲಿಸಲು ಕುಳಿತುಕೊಳ್ಳಿ. ಅದು ಕೇಳುವ 'ಯಾಕೆ'ಗಳಿಗೆ ಸಿದ್ಧ ಉತ್ತರ ಕೊಟ್ಟು ಸುಮ್ಮನಾಗಿಸದೆ, ಉತ್ತರ ತೋಚದ ಪ್ರಶ್ನೆಗಳನ್ನು ಬರೆದಿಟ್ಟುಕೊಂಡು ಬಲ್ಲವರ ಬಳಿಗೆ ಒಯ್ಯಿರಿ.