ಪುಸ್ತಕ ಮುಚ್ಚಿ ಓದುವುದು ಹೇಗೆ?

ಪರೀಕ್ಷೆ ಹತ್ತಿರವಾದಾಗ ನನ್ನ ಬಳಿ ಬರುವ ಹುಡುಗ ಹುಡುಗಿಯರ ಪುಸ್ತಕ ತೆರೆದರೆ ಪುಟ ಪೂರ್ತಿ ಹಳದಿ. ಸಾಲು ಬಿಡದೆ ಹೈಲೈಟರ್ ಎಳೆದಿರುತ್ತಾರೆ. ‘ನಾಲ್ಕು ಸಲ ಓದಿದೀನಿ ಸಾರ್’ ಅನ್ನುತ್ತಾರೆ. ಪುಸ್ತಕ ಮುಚ್ಚಿ ಒಂದು ಪ್ರಶ್ನೆ ಕೇಳಿದರೆ, ‘ಗೊತ್ತು ಸಾರ್, ಬಾಯಿಗೆ ಬರ್ತಿಲ್ಲ’. ಬಾಯಿಗೆ ಬಾರದ್ದು ಪರೀಕ್ಷೆಯಲ್ಲಿ ಪೆನ್ನಿಗೆ ಬರುತ್ತದಾ?

ಮೊದಲು ವೇಳಾಪಟ್ಟಿ. ಇದಕ್ಕೆ ಹತ್ತು ನಿಮಿಷ ಸಾಕು. ಸ್ಕೇಲು, ಬಣ್ಣದ ಪೆನ್ನು ಹಿಡಿದು ಅರ್ಧ ದಿನ ಕಳೆಯಬೇಡಿ. ‘6ರಿಂದ 8 ಬಯಾಲಜಿ’ ಎಂದು ಬರೆದರೆ ಎಂಟು ಗಂಟೆಯಂತೂ ಆಗುತ್ತದೆ, ಓದು ಆಗಿರುವುದಿಲ್ಲ. ‘ದ್ಯುತಿಸಂಶ್ಲೇಷಣೆ, 4 ಪುಟ’ ಎಂದು ಬರೆಯಿರಿ. ಒಂದು ಗಂಟೆ ಸಾಕು ಅನ್ನಿಸಿದ್ದಕ್ಕೆ ಒಂದೂವರೆ ಗಂಟೆ ಇಡಿ.

ಫೋನು ಬೇರೆ ಕೋಣೆಯಲ್ಲಿರಲಿ.

ಆಮೇಲೆ 25 ನಿಮಿಷ ಓದು, 5 ನಿಮಿಷ ಬಿಡುವು. ಇಟಲಿಯ ಫ್ರಾನ್ಸೆಸ್ಕೊ ಸಿರಿಲೊ ಕಾಲೇಜಿನಲ್ಲಿದ್ದಾಗ ಟೊಮೆಟೊ ಆಕಾರದ ಅಡುಗೆಮನೆ ಟೈಮರ್ ಇಟ್ಟುಕೊಂಡು ಶುರು ಮಾಡಿದ ಪದ್ಧತಿ ಇದು. ಇದಕ್ಕೂ ದುಡ್ಡು ಕೊಟ್ಟು ಆಪ್ ಹಾಕಿಕೊಳ್ಳುವವರಿದ್ದಾರೆ. ಫೋನಿನಿಂದ ದೂರವಿರಲು ಫೋನೇ ಬೇಕಂತೆ! ಸುಮ್ನೆ ಗಡಿಯಾರ ನೋಡಿಕೊಳ್ಳಿ.

ಈಗ ಎಲ್ಲರೂ ಎಡವುವ ಜಾಗ. ಎರಡು ಪುಟ ಓದಿ, ಪುಸ್ತಕ ಮುಚ್ಚಿ, ಖಾಲಿ ಹಾಳೆ ತೆಗೆದುಕೊಳ್ಳಿ. ನೆನಪಿದ್ದದ್ದನ್ನೆಲ್ಲ ಬರೆಯಿರಿ. ಮೊದಲ ಒಂದೆರಡು ನಿಮಿಷ ಏನೂ ಹೊಳೆಯುವುದಿಲ್ಲ. ಕೈ ತಾನಾಗಿ ಪುಸ್ತಕದ ಕಡೆ ಹೋಗುತ್ತದೆ. ಇಣುಕಬೇಡಿ. ಅಕ್ಷರ ಸೊಟ್ಟಗಿರಲಿ, ವಾಕ್ಯ ಅರ್ಧಕ್ಕೇ ನಿಲ್ಲಲಿ. ದ್ಯುತಿಸಂಶ್ಲೇಷಣೆ, ಅಂದರೆ ಗಿಡ ಬೆಳಕಿನಿಂದ ಆಹಾರ ಮಾಡಿಕೊಳ್ಳುವ ಪಾಠವನ್ನೇ ಓದಿದಿರಿ ಅನ್ನಿ. ‘ಬೆಳಕು, ನೀರು, ಕಾರ್ಬನ್ ಡೈಆಕ್ಸೈಡ್’ ಅಂತ ಬರೆದಿರಿ. ‘ಸಕ್ಕರೆ, ಆಕ್ಸಿಜನ್’ ಅಂತಲೂ ಬರೆದಿರಿ. ಆ ಆಕ್ಸಿಜನ್ ಬಂದದ್ದು ನೀರಿನಿಂದಲೋ, ಕಾರ್ಬನ್ ಡೈಆಕ್ಸೈಡಿನಿಂದಲೋ? ಗೊತ್ತಿಲ್ಲ. ಅಲ್ಲೊಂದು ಪ್ರಶ್ನೆ ಚಿಹ್ನೆ ಹಾಕಿ ಮುಂದೆ ಹೋಗಿ. ಇನ್ನೇನೂ ಬರುವುದಿಲ್ಲ ಅನ್ನಿಸಿದ ಮೇಲೂ ಒಂದು ನಿಮಿಷ ಕೂತಿರಿ, ಇನ್ನೊಂದು ಅಂಶ ಬಂದೇ ಬರುತ್ತದೆ. ಆಮೇಲಷ್ಟೇ ಪುಸ್ತಕ ತೆರೆದು, ಕೆಂಪು ಪೆನ್ನಿನಲ್ಲಿ ‘ನೀರಿನಿಂದ’ ಎಂದು ತುಂಬಿ. ಕೆಂಪೇ ಯಾಕೆ ಅಂದರೆ, ನಾಳೆ ಓದಬೇಕಾದದ್ದು ಅಷ್ಟೇ.

ಇದು ಕಷ್ಟ ಅನ್ನಿಸುತ್ತದೆ, ಮತ್ತೆ ಮತ್ತೆ ಓದುವುದು ಹಾಯಾಗಿರುತ್ತದೆ. ಮೋಸ ಇರುವುದೇ ಅಲ್ಲಿ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು ಕಾಲೇಜು ವಿದ್ಯಾರ್ಥಿಗಳ ಮೇಲೆ ಇದನ್ನು ಪರೀಕ್ಷಿಸಿದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ವಾರದ ನಂತರ ಕೇಳಿದಾಗ, ನೆನಪಿನಿಂದ ಬರೆದವರು ಅವರನ್ನು ಹಿಂದೆ ಹಾಕಿದ್ದರು.

ಗೆಳೆಯರ ನೋಟ್ಸ್ ಜೆರಾಕ್ಸ್ ಮಾಡಿಸಿಕೊಂಡರೆ ಈ ಕೆಲಸ ತಪ್ಪುತ್ತದಾ? ಇಲ್ಲ. ಬರೆದವನಿಗೆ ನೆನಪಿರುತ್ತದೆ, ನಿಮಗೆ ಜೆರಾಕ್ಸ್ ಇರುತ್ತದೆ.

ಮರುದಿನ ಒಂದು ಸಲ, ಮೂರು ದಿನ ಬಿಟ್ಟು ಒಂದು ಸಲ, ವಾರ ಬಿಟ್ಟು ಇನ್ನೊಂದು ಸಲ ಹೊಸ ಹಾಳೆಯಲ್ಲಿ ಹೀಗೇ ಬರೆಯಿರಿ. ಕೊನೆಯ ಸಲವೂ ಕೆಂಪಿನಲ್ಲೇ ಉಳಿದದ್ದನ್ನು ಒಂದು ಹಾಳೆಗೆ ಇಳಿಸಿಕೊಳ್ಳಿ. ಪರೀಕ್ಷೆಯ ಹಿಂದಿನ ಸಂಜೆ ಅದೊಂದನ್ನೇ ನೋಡಿ, ಮಲಗಿ.