ಬಾಂಡ್ ಥರದ ಸ್ಪೈ ಸಿನಿಮಾ ನೋಡೋದು ಹೆಂಗೆ

"ಎಲ್ಲಾ ಒಂದೇ ಥರ ಇರುತ್ತಪ್ಪ, ಏನ್ ನೋಡ್ತೀಯ" ಅನ್ನೋರಿಗೆ ಇದು. ಹೌದು, ಒಂದೇ ಥರ ಇರುತ್ತೆ, ಮಜಾ ಇರೋದೇ ಅದ್ರಲ್ಲಿ. ಹೀರೋ ಸಾಯಲ್ಲ, ವಿಲನ್ ಅಡ್ಡಾ ಕೊನೇಲಿ ಉಡೀಸ್, ಇಷ್ಟು ಟಿಕೆಟ್ ತಗೊಳ್ಳೋವಾಗ್ಲೇ ಗೊತ್ತಿರುತ್ತೆ. ಮುಂದೇನಾಗುತ್ತೆ ಅಂತ ಕಾಯೋದು ಬಿಟ್ಬಿಡಿ, ಗೊತ್ತಿರೋದನ್ನೇ ಈ ಸಲ ಹೆಂಗೆ ಮಾಡ್ತಾರೆ ಅಂತ ನೋಡಿ. ಯಕ್ಷಗಾನಕ್ಕೆ ಹೋದೋರು ಕೀಚಕ ಸಾಯ್ತಾನೋ ಇಲ್ವೋ ಅಂತ ಟೆನ್ಶನ್ ಮಾಡ್ಕೊಂಡು ಕೂತಿರ್ತಾರಾ?

ಮೊದಲು 1964ರ ಜೇಮ್ಸ್ ಬಾಂಡ್ ಸಿನಿಮಾ ಗೋಲ್ಡ್‌ಫಿಂಗರ್ ಹಾಕಿ. 1962ರ ಡಾಕ್ಟರ್ ನೋ ಇಂದ ಶುರು ಮಾಡೋರೂ ಇದ್ದಾರೆ, ತಪ್ಪೇನಿಲ್ಲ, ಆದ್ರೆ ಫಾರ್ಮುಲಾ ಪೂರ್ತಿ ಕುದುರಿದ್ದು ಈ ಮೂರನೇದ್ರಲ್ಲಿ. ಟೈಟಲ್ ಬರೋಕ್ ಮುಂಚೆ ಎದ್ದು ಹೋಗ್ಬೇಡಿ. ಬಾಂಡ್ ಆಗಿರೋ ಶಾನ್ ಕಾನರಿ ನೀರಿಂದ ಎದ್ದು ಬಂದು, ಬಾಂಬ್ ಇಟ್ಟು, ಡೈವಿಂಗ್ ಸೂಟ್ ಜಿಪ್ ಎಳೆದ್ರೆ ಒಳಗೆ ಗರಿಗರಿ ಬಿಳಿ ಕೋಟು, ಅದಕ್ಕೊಂದು ಕೆಂಪು ಹೂ ಬೇರೆ. ಲಾಜಿಕ್ ಕೇಳ್ಬೇಡಿ ಅಂತ ಅಲ್ಲೇ ಹೇಳ್ಬಿಟ್ರು ನೋಡಿ.

ಬಾಂಡ್‌ಗೆ ಗನ್ನು, ಕಾರು, ತರಾವರಿ ಸಾಮಾನು ಮಾಡಿಕೊಡೋ 'ಕ್ಯೂ' (Q) ಅನ್ನೋನು ಬರೋ ಸೀನಲ್ಲಿ ಮೊಬೈಲ್ ಪಕ್ಕಕ್ಕಿಡಿ. ಕಾರಿನ ಗೇರ್ ತುದೀಲಿರೋ ಕೆಂಪು ಬಟನ್ ಮಾತ್ರ ಮುಟ್ಟಬೇಡ ಅಂತಾನೆ, ಇವನು ಒತ್ತೇ ಒತ್ತುತ್ತಾನೆ ಅಂತ ನಮಗೂ ಗೊತ್ತು, ಯಾವಾಗ ಅನ್ನೋದೊಂದೇ ಬಾಕಿ, ಆಮೇಲೆ ಪಕ್ಕದಲ್ಲಿ ಗನ್ ಹಿಡ್ಕೊಂಡು ಕೂತಿದ್ದ ಗಾರ್ಡ್ ಸೀಟ್ ಸಮೇತ ಮೇಲಕ್ಕೆ ಹಾರ್ದಾಗ ಬರುತ್ತಲ್ಲ ನಗು, ಅದು ಅಷ್ಟೊತ್ತು ಕಾದಿದ್ದಕ್ಕೆ. ನಾನಂತೂ ಯಾವ ಸ್ಪೈ ಸಿನಿಮಾನೂ ಇದೊಂದ್ರಲ್ಲೇ ಅಳೆಯೋದು: ತೋರಿಸಿದ ಸಾಮಾನನ್ನ ಸರಿಯಾಗಿ ಬಳಸಿದ್ರಾ ಇಲ್ವಾ. ಕ್ಲೈಮ್ಯಾಕ್ಸಲ್ಲಿ ಬಾಂಬಿನ ಟೈಮರ್ ನೋಡಿ, ನಿಲ್ಲೋದು ಬಾಂಡ್‌ನ ಕೋಡ್ ನಂಬರ್ 007ಕ್ಕೆ, ಆದ್ರೆ ಆಫ್ ಮಾಡೋದು ಬಾಂಡ್ ಅಲ್ಲ, ಅವನು ವೈರ್ ಹಿಡ್ಕೊಂಡು ಒದ್ದಾಡ್ತಿದ್ರೆ ಬೇರೆ ಯಾರೋ ಬಂದು ಸ್ವಿಚ್ ಒತ್ತಿ ಹೋಗ್ತಾನೆ!

ಹಾಡು, ಹುಡುಗೀರು, ವಿದೇಶಿ ಲೊಕೇಶನ್ ಬಗ್ಗೆ ನಾನೇನೂ ಹೇಳ್ಬೇಕಾಗಿಲ್ಲ.

ಇದಾದ್ಮೇಲೆ ಅಣ್ಣಾವ್ರದ್ದು. ದೊರೆ-ಭಗವಾನ್ ಅನ್ನೋ ನಿರ್ದೇಶಕರ ಜೋಡಿ 1968ರಲ್ಲಿ ಜೇಡರ ಬಲೆ, ಅದೇ ವರ್ಷ ಗೋವಾದಲ್ಲಿ ಸಿಐಡಿ 999, ಮಾರನೇ ವರ್ಷ ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999 ಅಂತ ಒಂದರ ಹಿಂದೊಂದು ಬಿಟ್ರು, 007 ಹೋಗಿ 999 ಆಯ್ತು ಅಷ್ಟೇ. ಕಿರೀಟ ಗದೆ ಹಿಡಿದು ನಿಂತಿದ್ದ ರಾಜ್‌ಕುಮಾರ್ ಸೂಟು ಹಾಕ್ಕೊಂಡು ಗನ್ ಹಿಡಿದ್ರೆ ಹೆಂಗಿರುತ್ತೆ ಅನ್ನೋದಕ್ಕೇ ನೋಡ್ಬೇಕು, ಜೊತೆಗೆ ಬಾಂಡಿಂದ ಯಾವ್ದು ಎತ್ಕೊಂಡ್ರು, ಯಾವ್ದು ನಮ್ಮ ಜನಕ್ಕೆ ಸರಿಹೋಗಲ್ಲ ಅಂತ ಬಿಟ್ರು ಅಂತ ಗಮನಿಸಿ. ಟೈಮಿದ್ರೆ 1978ರ ಆಪರೇಷನ್ ಡೈಮಂಡ್ ರಾಕೆಟ್ ಕೂಡ, ಅಣ್ಣಾವ್ರು ಇಂಗ್ಲಿಷ್ ಹಾಡು ಹಾಡಿರೋದು ಅದರಲ್ಲೇ.

2006ರ ಕ್ಯಾಸಿನೋ ರಾಯಲ್ ಕೊನೇಗಿರ್ಲಿ. ಅದರಲ್ಲಿ ಕ್ಯೂ ಇಲ್ಲ, ಹಳೇ ಬಾಂಡ್ ಮಾರ್ಟಿನಿ ಅನ್ನೋ ಡ್ರಿಂಕ್‌ನ ಕಲಕ್ಬೇಡ, ಅಲ್ಲಾಡಿಸಿ ಕೊಡು ಅಂತ ಕೇಳೋದು ಫೇಮಸ್ಸು, ಇಲ್ಲಿ ಬಾರಲ್ಲಿ ಹೆಂಗೆ ಬೇಕು ಸಾರ್ ಅಂತ ಕೇಳಿದ್ರೆ ಬಾಂಡ್ ಆಗಿರೋ ಡೇನಿಯಲ್ ಕ್ರೇಗ್ ಹೆಂಗಾದ್ರೂ ಕೊಡಯ್ಯ ಅನ್ನೋ ಥರ ಉರ್ಕೊಳ್ತಾನೆ. ಹಳೇದೆಲ್ಲ ನೋಡದೆ ಇದನ್ನೇ ಮೊದಲು ಹಾಕಿದ್ರೆ, ಇವನ್ಯಾಕೆ ಸಪ್ಲೈಯರ್ ಮೇಲೆ ರೇಗ್ದ ಅಂತ ಪಕ್ಕದೋರನ್ನ ಕೇಳ್ಬೇಕಾಗುತ್ತೆ.